ಹರಿವಾಣದಲ್ಲಿ ಆರು ಬೋಲ್ಟು

ಪಾಂಡುವಿನ ಬಲಗೈಯನ್ನು ತಿಂದದ್ದು ಸಮುದ್ರವಲ್ಲ, ಒಂದು ಕಪ್ಲಿಂಗು. ಹೊನ್ನಾವರದ ಬಂದರಿನಲ್ಲಿ ಕೈಕಾಲು ಕಳಕೊಂಡವರೆಲ್ಲ ಅದನ್ನು ಸಮುದ್ರದ ತಲೆಗೆ ಕಟ್ಟುತ್ತಾರೆ. ಕೇಳುವವರಿಗೂ ಅದೇ ಚೆಂದ. ಪಾಂಡುವಿನ ಹೆಂಡತಿ ಮಾಸ್ತಮ್ಮ ಮಾತ್ರ ಹಾಗೆ ಹೇಳಲು ಬಿಡುತ್ತಿರಲಿಲ್ಲ. "ಸಮುದ್ರ ಎಂತ ಮಾಡ್ತು ಇವ್ರಿಗೆ? ಹೆಗಲ ಮೇಲಿನ ಟವೆಲ್ ಬೋಲ್ಟಿಗೆ ಸಿಕ್ತು, ಟವೆಲಿನ ಹಿಂದೆ ಕೈ ಹೋತು. ಟವೆಲ್ ತೆಗ್ದಿಡಿ ಹೇಳಿ ಬಾಯಿ ಹೊಡ್ಕಂಡಿದ್ದೆ ನಾನು" ಎನ್ನುತ್ತಿದ್ದಳು, ಗಂಡ ಎದುರಿಗೇ ಕೂತಿರುವಾಗ. ಪಾಂಡು ಎಡಗೈಯಲ್ಲಿ ಬೀಡಿ ಹಚ್ಚುತ್ತ, "ಹೌದು ಮಾರಾಯ್ತಿ, ತಪ್ಪೆಲ್ಲ ಟವೆಲಿಂದೇ" ಎನ್ನುತ್ತಿದ್ದ.

ಕಪ್ಲಿಂಗ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಮೀನುಗಾರಿಕೆಯ ಬೋಟಿನ ಹೊಟ್ಟೆಯಲ್ಲಿ ಎಂಜಿನ್ ಇರುತ್ತದೆ, ಬಾಲದ ಕೆಳಗೆ ನೀರಿನಲ್ಲಿ ಬೋಟನ್ನು ತಳ್ಳುವ ಪಂಕ. ಎಂಜಿನ್ನಿನ ಬಲವನ್ನು ಪಂಕಕ್ಕೆ ಮುಟ್ಟಿಸಲು ನಡುವೆ ಒಂದು ಉದ್ದನೆಯ ಉಕ್ಕಿನ ದಂಡ. ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಎಂಜಿನ್ನಿನ ಗೇರ್‌ಬಾಕ್ಸಿನ ತುದಿಗೊಂದು, ಶಾಫ್ಟಿನ ತುದಿಗೊಂದು, ಊಟದ ತಟ್ಟೆಯಗಲದ ದಪ್ಪ ಕಬ್ಬಿಣದ ಬಿಲ್ಲೆ. ಎರಡನ್ನೂ ಮುಖಕ್ಕೆ ಮುಖ ಇಟ್ಟು, ಸುತ್ತ ಆರು ಬೋಲ್ಟು ಹಾಕಿ ಬಿಗಿದರೆ ಅದೇ ಕಪ್ಲಿಂಗು. ಬೋಟಿನಲ್ಲಿ ಎಂಜಿನ್ನಿಗೆ ಹೂವು ಮುಡಿಸುತ್ತಾರೆ, ಪಂಕಕ್ಕೆ ಬಣ್ಣ ಬಳಿಯುತ್ತಾರೆ. ನಡುವಿನ ಈ ಎರಡು ಬಿಲ್ಲೆಗಳ ನೆನಪಾಗುವುದು ಅವು ಬಿಟ್ಟುಹೋದ ದಿನ.

ಪಾಂಡು ಕರ್ಕಿಯವನು. ಕುಮಟಾದ ಒಂದು ವರ್ಕ್‌ಶಾಪಿನಲ್ಲಿ ಬೈಗುಳ ತಿಂದು, ಕಬ್ಬಿಣವನ್ನು ತಿರುವಿ ಹೆರೆಯುವ ಲೇತ್ ಮಿಷಿನ್ನಿನ ಕೆಲಸ ಕಲಿತವನು. ಕೊಂಕಣ ರೈಲಿನ ಕೆಲಸ ಮುಗಿದು, ಮಿರ್ಜಾನದ ಹೊಳೆದಂಡೆಯಲ್ಲಿ ಗುತ್ತಿಗೆದಾರ ಡೇರೆ ಕೀಳುವಾಗ ಬಿಟ್ಟುಹೋಗಲಿದ್ದ ಒಂದು ಹಳೆಯ ಲೇತನ್ನು ಹಿಡಿದು, ಲಾರಿಗೆ ಹೇರಿ, ಹೊನ್ನಾವರದಲ್ಲಿ ಬೋಟು ಕಟ್ಟುವ ದಕ್ಕೆಯ ಹಿಂದಿನ ಸಂದಿಯಲ್ಲಿ ತಗಡಿನ ಶೆಡ್ ಹಾಕಿ ನಿಲ್ಲಿಸಿದ. ಅಂಗಡಿ ಕಣ್ಣು ಬಿಡುವಷ್ಟರಲ್ಲಿ, ರೈಲು ಓಡಲು ಶುರುವಾದ ವರ್ಷವೇ, ಒಂದು ಬೋಟಿನೊಳಗೆ ಬಗ್ಗಿ ತಿರುಗುವ ಕಪ್ಲಿಂಗಿನ ಸದ್ದು ಕೇಳುತ್ತಿದ್ದವನ ಟವೆಲು ಬೋಲ್ಟಿನ ತಲೆಗೆ ಸುತ್ತಿಕೊಂಡಿತು. ಮಣಿಪಾಲದವರೆಗೆ ಹೋಗಿ ಬಂದರು. ಕೈ ಉಳಿಯಿತು, ಕೈಯ ಕೆಲಸ ಉಳಿಯಲಿಲ್ಲ. ಬೆರಳು ಮಡಚುವುದಿಲ್ಲ, ಮಣಿಕಟ್ಟು ಹೊರಳುವುದಿಲ್ಲ.

ಲೇತನ್ನು ಮಾರಿಬಿಡು ಎಂದರು ನೆಂಟರು. ಮಾಸ್ತಮ್ಮ ಭಟ್ಕಳದ ಕಡೆಯ ಮೊಗೇರರ ಮನೆಯ ಹೆಣ್ಣು. ಹುಟ್ಟಿದಂದಿನಿಂದ ಬಲೆ, ದೋಣಿ, ಉಪ್ಪುಮೀನು ನೋಡಿದವಳು. ಗಂಡನ ಖಾಕಿ ಅಂಗಿ ಹಾಕಿದಳು, ಸೀರೆಯನ್ನು ಗದ್ದೆನಟ್ಟಿಗೆ ಕಟ್ಟಿದ ಹಾಗೆ ಮೊಣಕಾಲ ಮೇಲೆ ಎತ್ತಿ ಕಚ್ಚೆ ಬಿಗಿದಳು, ಜಡೆಯನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿದಳು. ಪಾಂಡು ಸ್ಟೂಲಿನ ಮೇಲೆ ಕೂತು ಬೈದ. ಅವಳು ಮಿಷಿನ್ನಿನ ಮುಂದೆ ನಿಂತು ತಿರುಗಿ ಬೈದಳು. ಅವಳು ಕೆಲಸ ಕಲಿತದ್ದು ಈ ಜಗಳದಲ್ಲಿ. ಪಾಠ ಎನ್ನುವಂಥದ್ದು ಅಲ್ಲಿ ಏನೂ ನಡೆಯಲಿಲ್ಲ.

ಮೀನು ಮಾರುವ ಕಮಲಿ ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಳು ಒಂದು ದಿನ.

"ಎಂತದೇ ಮಾಸ್ತಮ್ಮ, ಗಂಡನ ಅಂಗಿ ಹಾಕ್ಕಂಡೆ. ಮೀಸೆ ಯಾವಾಗ ಬಿಡ್ತೆ?"

"ಮೀಸೆ ನಿನ್ ಗಂಡಂಗೂ ಇತ್ತಲೇ. ಅದ್ರಿಂದ ನಿಂಗೆ ಎಂತ ಉಪ್ಕಾರ ಆತು?"

ಕಮಲಿ ನಕ್ಕು, ಬಂಗಡೆ ಎರಡು ಎಸೆದು ಹೋದಳು. ಆಮೇಲೆ ದಕ್ಕೆಯ ಸುದ್ದಿಯೆಲ್ಲ ಕಮಲಿಯ ಬುಟ್ಟಿಯಲ್ಲೇ ಶೆಡ್ಡಿಗೆ ಬರತೊಡಗಿತು.

ಮಾಸ್ತಮ್ಮ ನಮ್ರತೆಯ ಹೆಣ್ಣಲ್ಲ. ತಾನು ತಿರುವಿದ ಬಿಲ್ಲೆಯ ಮುಖಕ್ಕೆ ಬೆರಳು ಸವರಿ, "ನೋಡಿ, ಬೆಣ್ಣೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಒಂದು ಹಟ ಮಾತ್ರ ಹಿಡಿದಿದ್ದಳು: ಅವಳ ಶೆಡ್ಡಿನಿಂದ ಹೋದ ಯಾವ ಕಪ್ಲಿಂಗೂ ಬರಿಮೈಯಲ್ಲಿ ತಿರುಗಬಾರದು. ಎಣ್ಣೆಯ ಹಳೆ ಡಬ್ಬ ಕತ್ತರಿಸಿ, ಬಗ್ಗಿಸಿ, ಅದಕ್ಕೊಂದು ತಗಡಿನ ಮುಚ್ಚಳ ಮಾಡಿ ತಾನೇ ಹೋಗಿ ಕೂರಿಸಿ ಬರುತ್ತಿದ್ದಳು. ಬೇಡ ಎಂದವರಿಗೆ ಗಂಡನನ್ನು ಕರೆದು, "ಇವ್ರ ಕೈ ಒಂದ್ಸಲ ಮುಟ್ಟಿ ನೋಡಿ ಕಾಂಬ, ಆಮೇಲೆ ಬೇಡ ಹೇಳಿ" ಎನ್ನುತ್ತಿದ್ದಳು. ಪಾಂಡು ನಾಚಿಕೆಯಿಲ್ಲದೆ ಕೈ ಚಾಚುತ್ತಿದ್ದ.

ಇಷ್ಟೆಲ್ಲ ಇದ್ದೂ ಬೋಲ್ಟು ಕಡಿಯುವುದು ನಿಲ್ಲಲಿಲ್ಲ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರಗಳಲ್ಲೇ ಇಲ್ಲೊಂದು, ಅಲ್ಲೊಂದು ಕಪ್ಲಿಂಗಿನ ಬೋಲ್ಟು ತುಂಡಾಗುತ್ತಿತ್ತು. ಮುಂಚೆ ಪಾಂಡು ಮಾಡಿದವೂ ಕಡಿಯುತ್ತಿದ್ದವು, ಕುಮಟಾದಿಂದ ತಂದವೂ ಕಡಿಯುತ್ತಿದ್ದವು. ಆಗೆಲ್ಲ ಅದು ಸಮುದ್ರದ ಗುಣವಾಗಿತ್ತು. ಈಗ ಅದು ಹೆಂಗಸಿನ ಕೈಗುಣವಾಯಿತು.

ಮಾಸ್ತಮ್ಮನ ತಮ್ಮ ಮೋಹನ 'ಜಟಗೇಶ್ವರ' ಎಂಬ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವ ಡ್ರೈವರ್. ಎರಡು ಸಾವಿರನೇ ಇಸವಿಯ ಆಗಸ್ಟಿನಲ್ಲಿ ಆ ಬೋಟು ಅಳಿವೆ ದಾಟುತ್ತಿತ್ತು. ಅಳಿವೆ ಎಂದರೆ ಶರಾವತಿ ಸಮುದ್ರ ಸೇರುವ ಬಾಯಿ. ಅಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ; ಭರತದಲ್ಲಿ, ಅಂದರೆ ಸಮುದ್ರದ ನೀರು ಉಬ್ಬಿದಾಗ ಮಾತ್ರ, ಬೋಟು ದಾಟುವಷ್ಟು ಆಳ ಸಿಗುತ್ತದೆ. ತೆರೆ ಒಡೆಯುವ ಆ ಇಕ್ಕಟ್ಟಿನಲ್ಲಿ ಎಂಜಿನ್ ಒಂದು ಗಳಿಗೆ ಕೈಕೊಟ್ಟರೂ ಬೋಟು ಅಡ್ಡ ತಿರುಗಿ ಮರಳಿಗೆ ಬೀಳುತ್ತದೆ. ಮೋಹನನಿಗೆ ಎಂಜಿನ್ ಕೈಕೊಡಲಿಲ್ಲ. ಎಂಜಿನ್ ಗುಡುಗುತ್ತಲೇ ಇತ್ತು, ಪಂಕ ನಿಂತಿತ್ತು. ಕಪ್ಲಿಂಗಿನ ಬೋಲ್ಟು ಆರೂ ಕಡಿದು, ಎರಡು ಬಿಲ್ಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ, ಒಂದು ಸುತ್ತುತ್ತ ಇನ್ನೊಂದು ಸುಮ್ಮನೆ ಇದ್ದವು. ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಎಸೆದು ಎಳೆದುಕೊಂಡರು. ಅಷ್ಟರಲ್ಲಿ ಬದಿಯ ಹಲಗೆ ಒಂದೆರಡು ಮುರಿದಿತ್ತು, ಬಲೆ ಹೋಗಿತ್ತು, ಜನ ಉಳಿದಿದ್ದರು.

ಮೋಹನ ಒದ್ದೆ ಬಟ್ಟೆಯಲ್ಲೇ ಶೆಡ್ಡಿಗೆ ಬಂದ. ನಗುತ್ತಿದ್ದ, ಆದರೆ ಆ ನಗು ನಿಲ್ಲುತ್ತಲೇ ಇರಲಿಲ್ಲ.

"ಅಕ್ಕ, ನಿನ್ ಬೋಲ್ಟು ಬೆಲ್ಲದ್ದಾ ಹೇಳಿ ಕೇಳ್ತಾ ಇದ್ರು ಬೋಟಲ್ಲಿ."

"ಆ ಬೋಟು ಬಿಡು ನೀನು."

"ಬಿಟ್ಟು? ಬೇರೆ ಬೋಟಿಗೂ ಇದೇ ಕಪ್ಲಿಂಗ್ ಅಲ್ದಾ? ಬೋಟೇ ಬೇಡ ಹೇಳಿ ಮನೇಲಿ ಕೂತ್ರೆ ನೀ ಸಾಕ್ತೆಯಾ?"

ಅವಳು ಗುಜರಿಯಿಂದ ಲಾರಿಯ ಹಳೆ ಆಕ್ಸಲ್ ತರಿಸಿದಳು. ಅದರ ಉಕ್ಕು ಎಂಥ ಉಕ್ಕೆಂದರೆ ಲೇತಿನ ಉಳಿಯೇ ಹಲ್ಲು ಕಚ್ಚುತ್ತಿತ್ತು. ಅದರಿಂದ ಆರು ಬೋಲ್ಟು ತಿರುವಿ, ಹಲಗೆ ರಿಪೇರಿಗೆಂದು ದಡಕ್ಕೆಳೆದಿದ್ದ ತಮ್ಮನ ಬೋಟಿಗೆ ಹಾಕಿದಳು. "ಇನ್ನು ಕಡಿಯಲಿ ಕಾಂಬ" ಎಂದಳು. ಪಾಂಡು ಬೇಡ ಎಂದ, ಅವಳು ಕೇಳಲಿಲ್ಲ. ಬೋಲ್ಟು ಕಡಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಗೇರ್‌ಬಾಕ್ಸಿನ ಹಿಂಭಾಗವೇ ಮಡಕೆಯ ಹಾಗೆ ಬಿರಿಯಿತು. ಬೋಲ್ಟು ಸಾಯಬೇಕಾದಲ್ಲಿ ಗೇರ್‌ಬಾಕ್ಸು ಸತ್ತಿತು.

ಬೋಟಿನ ಯಜಮಾನ ತ್ರ್ಯಂಬಕ ಶೆಡ್ಡಿನ ಬಾಗಿಲಿಗೆ ಬಂದು ಇಡೀ ಸಂದಿಗೆ ಕೇಳುವಂತೆ ಮಾತಾಡಿದ. ಅವನು ಕೆಟ್ಟವನಲ್ಲ; ದುಡಿದು ಬೋಟು ಮಾಡಿದವನು, ಹಾಗಾಗಿ ಬೋಟಿಗೆ ಏನಾದರೂ ಆದರೆ ತನ್ನ ಮೈಗೇ ಆದ ಹಾಗೆ ಕೂಗುವವನು.

"ಹೆಂಗ್ಸಿನ ಕೈಗೆ ಕಬ್ಬಿಣ ಕೊಟ್ಟ ನನ್ ತಲೆಗೆ ಹೊಡಿಬೇಕು. ಪಾಂಡು, ನೀ ಎಂತ ನೋಡ್ತಾ ಕೂತಿದ್ದೆ?"

"ಬೀಡಿ ಸೇದ್ತಾ ಇದ್ದೆ" ಎಂದ ಪಾಂಡು.

"ಬಿಚ್ಚಿ ನೋಡ್ತೆ" ಎಂದಳು ಮಾಸ್ತಮ್ಮ. "ಆಮೇಲೆ ಬೈಯಿ. ಉಳ್ಸಿ ಇಟ್ಕ."

ಬೋಟು ದಕ್ಕೆಗೆ ಕಟ್ಟಿತ್ತು, ನೀರಿನಲ್ಲೇ. ಅಲ್ಲಿಯವರೆಗೆ ಅವಳು ಕಪ್ಲಿಂಗು ಕೂಡಿಸಿದ್ದೆಲ್ಲ ಮಳೆಗಾಲದಲ್ಲಿ, ಬೋಟುಗಳನ್ನು ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ಕೂರಿಸಿದಾಗ. ನೀರಿನ ಮೇಲಿರುವ ಬೋಟಿನಲ್ಲಿ ಕಪ್ಲಿಂಗ್ ಬಿಚ್ಚುತ್ತಿದ್ದುದು ಇದೇ ಮೊದಲು. ಬೋಲ್ಟುಗಳು ಸುಲಭಕ್ಕೆ ಬರಲಿಲ್ಲ. ಕೊನೆಯದನ್ನು ಸುತ್ತಿಗೆಯಿಂದ ಬಡಿದು ಹೊರತೆಗೆದಾಗ ಪಟಾಕಿಯಂಥ ಸದ್ದಾಗಿ ಎರಡು ಬಿಲ್ಲೆಗಳು ತಟಕ್ಕನೆ ಜಾಗ ಬಿಟ್ಟವು. ಮೇಲ್ಭಾಗ ಒಂದಕ್ಕೊಂದು ಒತ್ತಿಕೊಂಡಿತ್ತು. ಕೆಳಗೆ ಬಾಯಿ ಬಿಟ್ಟಿತ್ತು. ಅವಳು ಆಗಸ್ಟಿನಲ್ಲಿ ದಡದ ಮೇಲೆ ಕೂಡಿಸಿದಾಗ ಅದೇ ಸಂದಿಯಲ್ಲಿ ಕೂದಲು ತೂರುತ್ತಿರಲಿಲ್ಲ.

ಅವಳು ಬೋಟಿನ ಹೊಟ್ಟೆಯಲ್ಲಿ, ಡೀಸೆಲ್ ವಾಸನೆಯಲ್ಲಿ, ಕುಕ್ಕರುಗಾಲಿನಲ್ಲಿ ಕೂತೇ ಇದ್ದಳು. ತವರಿನಲ್ಲಿ ಅವಳ ತಾಯಿ ಮೀನು ತೊಳೆಯಲು ಇಟ್ಟುಕೊಂಡಿದ್ದ ಮರದ ಮರಿಗೆ ನೆನಪಾಯಿತು. ಬೇಸಿಗೆಯಲ್ಲಿ ಒಣಗಿ ಸೋರುತ್ತಿತ್ತು. ನೀರಲ್ಲಿ ನೆನೆಹಾಕಿದರೆ ಉಬ್ಬಿ, ಆಕಾರವೇ ಬದಲಿಸಿ, ಬಿಗಿಯಾಗುತ್ತಿತ್ತು. ಬೋಟೂ ಮರವೇ. ದಿಮ್ಮಿಗಳ ಮೇಲೆ ಅಡಿಯುದ್ದಕ್ಕೂ ಆಧಾರ ಸಿಕ್ಕಿ ನೆಟ್ಟಗೆ ಮಲಗುತ್ತದೆ. ನೀರಿಗಿಳಿದರೆ ಹೊಟ್ಟೆಯನ್ನು ನೀರು ಎತ್ತುತ್ತದೆ, ತಲೆ ಬಾಲ ಜೋಲುತ್ತವೆ, ಹಲಗೆ ಉಬ್ಬುತ್ತದೆ; ಐಸು, ಡೀಸೆಲು, ಬಲೆ ಹೇರಿದಮೇಲೆ ಮತ್ತೊಂದು ಬಳುಕು. ದಡದ ಬೋಟೇ ಬೇರೆ, ನೀರಿನ ಬೋಟೇ ಬೇರೆ. ತಾನೂ ಸೇರಿ ಎಲ್ಲರೂ ದಡದ ಬೋಟಿಗೆ ಕಪ್ಲಿಂಗು ಕೂಡಿಸಿ ನೀರಿನ ಬೋಟನ್ನು ಅಳಿವೆಗೆ ಕಳಿಸುತ್ತಿದ್ದರು. ಬಾಯಿ ಬಿಡಲು ನೋಡುವ ಬಿಲ್ಲೆಗಳನ್ನು ಬೋಲ್ಟು ಪ್ರತಿ ಸುತ್ತಿಗೂ ಹಿಡಿದೆಳೆಯಬೇಕು. ಎಳೆದೆಳೆದು ಒಂದು ದಿನ ಕಡಿಯುತ್ತದೆ. ಬೋಲ್ಟು ಗಟ್ಟಿಯಿದ್ದರೆ ಪಕ್ಕದ್ದು ಒಡೆಯುತ್ತದೆ.

ಸಂಘಟನೆ ಕಟ್ಟಿದವರಿಗೆ ಇದು ಹೊಸದಲ್ಲ. ಸಭೆಯ ಚಪ್ಪರದಡಿ ಮುಖಕ್ಕೆ ಮುಖ ಕೂಡಿದ ಎಷ್ಟೋ ಜನ ಲಾಠಿ ಬಂದ ದಿನ ಹೀಗೇ ಬಾಯಿ ಬಿಟ್ಟಿರುತ್ತಾರೆ. ಅವರನ್ನು ಕೂಡಿಸಬೇಕಾದದ್ದು ಬೀದಿಯಲ್ಲಿ.

ಮಾಸ್ತಮ್ಮ ಇದನ್ನು ಪಾಂಡುವಿಗೆ ಹೇಳಿದಳು. ಅವನು ಕರ್ಕಿಯ ಮನುಷ್ಯ, ಯಕ್ಷಗಾನದ ಆಟ ನೋಡಿ ಬೆಳೆದವನು. "ಹೌದು. ಭಾಗವತ ಒಂದು ತಾಳ, ಮದ್ದಳೆ ಒಂದು ತಾಳ. ವೇಷದವ ಕಾಲು ಎಲ್ಲಿಡೂದು?" ಎಂದ. ಆಮೇಲೆ, "ನಂಗೆ ಎಂತಕ್ಕೆ ಹೊಳಿಲಿಲ್ಲ ಇದು" ಎಂದ.

"ನೀವು ಟವೆಲ್ ಹಾಕ್ಕಂಡಿದ್ರಿ" ಎಂದಳು ಮಾಸ್ತಮ್ಮ.

ಗೊತ್ತಾದದ್ದೇನೋ ಆಯಿತು, ಮಾಡುವುದು ಸುಲಭವಿರಲಿಲ್ಲ. ಆ ದಕ್ಕೆಯಲ್ಲಿ ತ್ರ್ಯಂಬಕನ ಮನೆಯವರದೊಂದು ಪದ್ಧತಿ ಇತ್ತು, ಅದನ್ನು ನೋಡಿ ಉಳಿದವರೂ ಹಿಡಿದಿದ್ದರು. ಬೋಟನ್ನು ನೀರಿಗೆ ಬಿಡುವ ದಿನ ದಡದಲ್ಲೇ ಪೂಜೆ. ತ್ರ್ಯಂಬಕನ ತಾಯಿ ಹನುಮಕ್ಕ ಬೋಟಿನೊಳಗಿಳಿದು ಎಂಜಿನ್ನಿಗೆ, ಕಪ್ಲಿಂಗಿನ ಒಂದೊಂದು ಬೋಲ್ಟಿಗೆ ಕುಂಕುಮ ಇಡುತ್ತಾಳೆ. ಆಮೇಲೆ ಮೊದಲ ಮೀನು ದಕ್ಕೆಗೆ ಬೀಳುವವರೆಗೆ ಯಾರೂ ಅದಕ್ಕೆ ಬೋಲ್ಟು ಬಿಚ್ಚುವ ಪಾನ ಮುಟ್ಟಿಸುವಂತಿಲ್ಲ. ಇದಕ್ಕೆ ಕಾರಣ ಎಲ್ಲರಿಗೂ ಗೊತ್ತು: ಹನುಮಕ್ಕನ ಗಂಡ ದುರ್ಗಪ್ಪ ಎಷ್ಟೋ ವರ್ಷಗಳ ಹಿಂದೆ ಪೂಜೆ ಮುಗಿದಮೇಲೆ ಕಪ್ಲಿಂಗು ಬಿಚ್ಚಿದ್ದ; ಅದೇ ದಿನ ಅಳಿವೆಯಲ್ಲಿ ಹೋದ. ಹೆಣ ಸಿಕ್ಕಿದ್ದು ಮೂರನೆಯ ದಿನ.

ಮುಂದಿನ ಮಳೆಗಾಲದಲ್ಲಿ ಜಟಗೇಶ್ವರಕ್ಕೆ ಹೊಸ ಗೇರ್‌ಬಾಕ್ಸು ಬಂತು. ತ್ರ್ಯಂಬಕ ಬೈದದ್ದು ನಿಜ, ಆದರೆ ಕಪ್ಲಿಂಗಿಗೆ ಮತ್ತೆ ಮಾಸ್ತಮ್ಮನ ಹತ್ತಿರವೇ ಬಂದ. ಗೇರ್‌ಬಾಕ್ಸು ಒಡೆದರೂ ಬೋಲ್ಟು ಕಡಿಯದ ಕಪ್ಲಿಂಗು ಅದೊಂದೇ ಆಗಿತ್ತಲ್ಲ. ಅವಳು ನೀರಿನ ವಿಷಯ ಹೇಳಿದಳು. ಬೋಟು ಇಳಿದು, ಐಸು ಡೀಸೆಲು ತುಂಬಿ ಒಂದು ರಾತ್ರಿ ನೆನೆಯಲಿ, ಆಮೇಲೆ ಬಿಚ್ಚಿ ಕೂಡಿಸುತ್ತೇನೆ ಎಂದಳು.

"ಪೂಜೆ ಆದದ್ದನ್ನ ಬಿಚ್ಚೂದಾ?" ತ್ರ್ಯಂಬಕ ಎದ್ದೇ ನಿಂತ. "ನನ್ ಅಪ್ಪ ಹೋದದ್ದು ಗೊತ್ತಿಲ್ವಾ ನಿಂಗೆ? ಅಮ್ಮನ ಎದ್ರು ಇದನ್ನ ಹೇಳ್ಬೇಡ. ಕೂಡ್ಸು, ಮುಚ್ಚಳ ಹಾಕು, ಮುಗೀತು."

"ನನ್ ತಮ್ಮ ಹೋಗೂದು ಅದ್ರಲ್ಲಿ."

"ನನ್ ಬೋಟೂ ಹೋಗೂದು ಅದ್ರಲ್ಲೇ."

ಅವಳು ಬಿಲ್ಲೆ ತಿರುವಿದಳು. ತೂತುಗಳನ್ನು ಮಾತ್ರ ಅಂಗಡಿಯಲ್ಲಿ ಸಿಗುವ ಯಾವ ಬೋಲ್ಟಿನ ಅಳತೆಗೂ ಕೊರೆಯಲಿಲ್ಲ. ತನ್ನದೇ ಒಂದು ಅಳತೆ ಮಾಡಿ, ಒಂದೊಂದು ತೂತಿಗೆ ಒಂದೊಂದು ಬೋಲ್ಟನ್ನು ಬೆರಳಿಗೆ ಉಂಗುರ ಕೂರಿಸಿದ ಹಾಗೆ ಕೂರಿಸಿದಳು. ಈ ಸಲ ಮಾಮೂಲಿ ಉಕ್ಕು. ಆ ಬೋಲ್ಟು ಬಿಟ್ಟರೆ ಕುಮಟಾದಿಂದ ಭಟ್ಕಳದವರೆಗೆ ಬೇರೊಂದು ಅದಕ್ಕೆ ಹಿಡಿಯುತ್ತಿರಲಿಲ್ಲ. ನೋಡುತ್ತ ಕೂತಿದ್ದ ಪಾಂಡುವಿಗೆ ಅರ್ಥವಾಯಿತು.

"ಬೇಡ ಮಾಸ್ತಿ. ಪೂಜೆ ದಿನ ತ್ರ್ಯಂಬಕನ ಮರ್ಯಾದೆ ತೆಗೆದ್ರೆ ದಕ್ಕೆಯ ಒಂದು ಕೆಲ್ಸ ನಮ್ಗೆ ಬರೂದಿಲ್ಲ. ಲೇತ್ ಇಟ್ಕಂಡು ಎಂತ ಮಾಡೂದು, ಕಡ್ಲೆ ಹುರಿಯೂದಾ?"

"ಹುರಿವ" ಎಂದಳು. "ಮೋಹನ ಇದ್ರೆ ತಿನ್ಲಿಕ್ಕೆ ಒಬ್ಬ ಆತ."

ಪೂಜೆಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ದಡದಲ್ಲಿ ಬೋಟಿಗೆ ಮಾವಿನ ತೋರಣ, ಹೊಸ ಬಣ್ಣ. ಕಪ್ಲಿಂಗಿನ ಮೇಲೆ ತಗಡಿನ ಮುಚ್ಚಳ ಕೂತಿತ್ತು, ಹಾಗಾಗಿ ತ್ರ್ಯಂಬಕ ಒಳಗೆ ಇಣುಕಲಿಲ್ಲ. ಮೋಹನನಿಗೆ ಗೊತ್ತಿತ್ತು, ಅವನು ಆ ದಿನ ಯಾರ ಕಣ್ಣಿಗೂ ಕಣ್ಣು ಕೊಡದೆ ಹಗ್ಗ ಸುತ್ತುತ್ತಿದ್ದ, ಸುತ್ತಿದ್ದನ್ನೇ ಬಿಚ್ಚಿ ಸುತ್ತುತ್ತಿದ್ದ. ಹನುಮಕ್ಕ ಒಣಗಿದ ಸೀಗಡಿಯಂಥ ಮುದುಕಿ, ಯಾರ ಕೈಯನ್ನೂ ಹಿಡಿಯದೆ ಏಣಿ ಹತ್ತಿ ಬೋಟಿನ ಹೊಟ್ಟೆಗೆ ಇಳಿದಳು. ಎಂಜಿನ್ನಿಗೆ ಕುಂಕುಮ ಇಟ್ಟಳು. ಮುಚ್ಚಳ ಎತ್ತಿದಳು. ಕುಂಕುಮದ ಬೆರಳು ಬೋಲ್ಟಿನ ತಲೆಯ ಮೇಲೆ ಕೂರುವ ಬದಲು ತೂತಿನೊಳಗೆ ಹೋಯಿತು.

"ತ್ರ್ಯಂಬಕಾ" ಎಂದು ಕರೆದಳು, ಜೋರಾಗಿಯೂ ಅಲ್ಲ.

ತ್ರ್ಯಂಬಕ ಇಳಿದು ನೋಡಿದ, ಮೇಲೆ ಬಂದ, ದಡದಲ್ಲಿ ನಿಂತಿದ್ದ ಮಾಸ್ತಮ್ಮನ ಮುಂದೆ ನಿಂತ. ಮುಖ ಕೆಂಪಡರಿತ್ತು.

"ಬೋಲ್ಟೆಲ್ಲಿ?"

"ನನ್ ಕಿಸೆಯಲ್ಲಿ."

"ಹಾಕು."

"ನಾಳೆ ಹಾಕ್ತೆ. ನೀರಲ್ಲಿ."

"ಊರೆಲ್ಲ ಸೇರಿದ್ದು ಕಾಣೂದಿಲ್ವಾ ನಿಂಗೆ? ನನ್ ಅಪ್ಪನ ಹೆಸ್ರಿನ ಪದ್ಧತಿ ಇದು. ಇವತ್ತು ಹಾಕ್ದೆ ಇದ್ರೆ ನಿನ್ ಶೆಡ್ಡಿಗೆ ಈ ದಕ್ಕೆಯ ಒಬ್ಬ ನಾಯಿ ಬರೂದಿಲ್ಲ, ಬರ್ದಿಟ್ಕ."

"ಬೇಡ. ನಾಯಿಗೆ ಕಪ್ಲಿಂಗ್ ಮಾಡಿ ನಂಗೆ ಅಭ್ಯಾಸಿಲ್ಲ."

ಯಾರೋ ನಕ್ಕರು. ಅದು ಇನ್ನೂ ಕೆಟ್ಟದಾಯಿತು. ತ್ರ್ಯಂಬಕ ಒಬ್ಬನನ್ನು ಅಂಗಡಿಗೆ ಓಡಿಸಿದ. ಅವನು ತಂದ ಬೋಲ್ಟುಗಳಲ್ಲಿ ಸಣ್ಣವು ತೂತಿನಲ್ಲಿ ಗಿಲಕಿಯಾಡಿದವು, ದೊಡ್ಡವು ಒಳಗೇ ಹೋಗಲಿಲ್ಲ. ಪಾಂಡು ಗುಂಪಿನ ಹಿಂದಿನಿಂದ ಬಂದು ಹೆಂಡತಿಯ ಪಕ್ಕ ನಿಂತ. ಬೀಡಿ ಹಚ್ಚಲಿಲ್ಲ.

ಅಷ್ಟರಲ್ಲಿ ಹನುಮಕ್ಕ ಏಣಿಯಿಳಿದು ಬಂದಳು. ಬೆರಳಿನ ಕುಂಕುಮಕ್ಕೆ ಗ್ರೀಸು ಮೆತ್ತಿಕೊಂಡಿತ್ತು.

"ನಿನ್ ತಮ್ಮ ಅಲ್ದಾ ಈ ಬೋಟಿನ ಡ್ರೈವರು?"

"ಹೌದು ಅಮ್ಮ."

"ಹೆದ್ರಿಕೆಯಾ ನಿಂಗೆ?"

ಬೇರೆ ಯಾರಾದರೂ ಕೇಳಿದ್ದರೆ ಮಾಸ್ತಮ್ಮನ ನಾಲಿಗೆಯಲ್ಲಿ ಹತ್ತು ಉತ್ತರ ಇರುತ್ತಿದ್ದವು. "ಹೆದ್ರಿಕೆಯೇ" ಎಂದಳು.

"ನೀರಿಗೆ ಹಾಕಿದ್ ಮೇಲೆ ಅದು ಬಾಯಿ ಬಿಡ್ತದೆ ಹೇಳಿ ನಿಂಗೆ ಹೆಂಗೆ ಗೊತ್ತು?"

"ನಾನೇ ಕೂಡ್ಸಿದ್ದೆ, ನಾನೇ ಬಿಚ್ಚಿದೆ, ನಾನೇ ಕಂಡೆ. ಮರಿಗೆ ನೆನದ್ರೆ ಉಬ್ಬೂದಿಲ್ವಾ ಅಮ್ಮ, ಹಂಗೆ."

ಮುದುಕಿ ಬೋಟಿನ ಅಡಿಗೆ ಕೊಟ್ಟ ದಿಮ್ಮಿಗಳನ್ನೇ ನೋಡುತ್ತ ನಿಂತಳು. ಮಾತಾಡಿದ್ದು ಮಾಸ್ತಮ್ಮನ ಜೊತೆಯೋ ತನ್ನಷ್ಟಕ್ಕೋ ಗೊತ್ತಾಗಲಿಲ್ಲ.

"ನೀರಿಗಿಳಿದ ಕೂಡ್ಲೇ ನಡುಗ್ತದೆ ಹೇಳಿದ್ರು ಅವ್ರು. ದಡದಲ್ಲಿ ಇದ್ದಾಗ ಸಮಾ ಇತ್ತು, ಈಗ ಎಂತ ಆತು ಇದ್ಕೆ ಹೇಳಿ ಬಿಚ್ಚಿದ್ರು. ಅಷ್ಟೊತ್ತಿಗೆ ಭರತ ಇಳೀಲಿಕ್ಕೆ ಶುರುವಾತು. ಎಲ್ಲರ ಬೋಟು ಹೋತು, ನಾವೇ ಕಡೆ ಹೇಳಿ ಗಡಿಬಿಡಿ. ಅರ್ಧಂಬರ್ಧ ಬಿಗ್ದು ಹೋದ್ರು." ಬೆರಳಿನ ಗ್ರೀಸನ್ನು ಸೆರಗಿಗೆ ಒರೆಸಿಕೊಂಡಳು. "ಬಿಚ್ಚಿದ್ದೇ ತಪ್ಪು ಹೇಳಿ ನಾನು ಈವರೆಗೆ ಹಿಡ್ಕಂಡು ಕೂತೆ. ಬಿಚ್ಚಿದ್ದು ಸಮಾ ಇತ್ತು ಕಾಣ್ತದೆ. ಕಟ್ಟಿದ್ದು ಸಮಾ ಆಗ್ಲಿಲ್ಲ."

ಹನುಮಕ್ಕನಿಗೆ ಯಾರ ಕನಿಕರವೂ ಬೇಕಿರಲಿಲ್ಲ. ಪೂಜೆಯ ಹರಿವಾಣವನ್ನು ಕೈಗೆ ತೆಗೆದುಕೊಂಡು, ಅದರಲ್ಲಿದ್ದ ಬಾಳೆಹಣ್ಣು, ವೀಳ್ಯದೆಲೆಯನ್ನೆಲ್ಲ ಮಗನ ಕೈಗೆ ಸುರಿದು, ಖಾಲಿ ಹರಿವಾಣವನ್ನು ಮಾಸ್ತಮ್ಮನ ಮುಂದೆ ಚಾಚಿದಳು.

"ಬೋಲ್ಟು ಇದ್ರಲ್ಲಿ ಹಾಕು. ಪೂಜೆ ಇದ್ಕೇ ಆಗ್ಲಿ. ಬೋಟು ಇಳೀಲಿ. ನಾಳೆ ನೀನೇ ನಿನ್ ಕೈಯಾರೆ ಹಾಕು. ಆದ್ರೆ ಒಂದು ಕೇಳು. ಪೂರ್ತಿ ಆಗದೆ ಮೇಲೆ ಬಂದ್ಯೋ, ನಿನ್ ಕಾಲು ಮುರೀತೆ. ಭರತ ಹೋದ್ರೆ ಹೋಗ್ಲಿ."

"ಆತು ಅಮ್ಮ" ಎಂದಳು ಮಾಸ್ತಮ್ಮ.

ಆರು ಬೋಲ್ಟು ಹಿತ್ತಾಳೆಯ ಹರಿವಾಣದಲ್ಲಿ ಠಣ್ ಠಣ್ ಎಂದು ಬಿದ್ದವು. ಹನುಮಕ್ಕ ಒಂದೊಂದಕ್ಕೂ ಕುಂಕುಮ ಇಟ್ಟಳು, ಹೂವಿಟ್ಟಳು. ತ್ರ್ಯಂಬಕ ಎರಡು ಕೈತುಂಬ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದರಿಂದ ಅವನಿಗೆ ಸಿಟ್ಟು ತೋರಿಸಲು ಕೈಯೇ ಇರಲಿಲ್ಲ. ಬೋಟನ್ನು ಎಂಜಿನ್ನಿಲ್ಲದೆ, ಹಗ್ಗ ಹಾಕಿ, ಐಲೇಸಾ ಎಂದು ಹೊಯ್ಲು ಹೇಳುತ್ತ ನೀರಿಗೆ ಎಳೆದರು.

ಮರುದಿನ ಐಸು, ಡೀಸೆಲು, ಬಲೆ ಎಲ್ಲ ತುಂಬಿದಮೇಲೆ ಮಾಸ್ತಮ್ಮ ಕೆಳಗಿಳಿದಳು. ಅವಳ ಅಳತೆಯ ಸಾಮಾನು ಒಂದು ಗಡ್ಡ ಹೆರೆಯುವ ಬ್ಲೇಡು. ಬಿಲ್ಲೆಗಳ ನಡುವೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬ್ಲೇಡು ತೂರಿಸಿ ನೋಡುವುದು; ನಾಲ್ಕೂ ಕಡೆ ಒಂದೇ ಬಿಗಿಯಲ್ಲಿ ಸರಿದರೆ ಸರಿ. ತ್ರ್ಯಂಬಕನನ್ನು ಕರೆದು ತೋರಿಸಿದಳು. ಮೇಲೆ ಬ್ಲೇಡಿನ ಅಂಚೂ ಹೋಗಲಿಲ್ಲ. ಕೆಳಗೆ ಬ್ಲೇಡಿನ ಮೇಲೆ ಬ್ಲೇಡು ಇಟ್ಟು ತೂರಿಸಿದರೂ ಜಾಗ ಉಳಿಯಿತು. ತ್ರ್ಯಂಬಕ ಬಗ್ಗಿ ನೋಡಿದ, ತಾನೇ ಬ್ಲೇಡು ತೂರಿಸಿ ನೋಡಿದ. ಆಮೇಲೆ ಮೇಲೆ ಹೋಗಿ, ಐಸು ಸರಿಯಾಗಿ ಪುಡಿಯಾಗಿಲ್ಲವೆಂದು ಯಾರಿಗೋ ಬೈದ.

ಮೋಹನ ಹಾರೆ ಕೊಟ್ಟು ಎಂಜಿನ್ನಿನ ಪಾದ ಎತ್ತುವುದು, ಅವಳು ಕೆಳಗೆ ತಗಡಿನ ಚೂರು ತುರುಕುವುದು, ಇಳಿಸುವುದು, ಬ್ಲೇಡು, ಮತ್ತೆ ಎತ್ತುವುದು. ಮೇಲಿನಿಂದ ಪಾಂಡು, "ಎಡಗಾಲಿಗೆ ಇನ್ನೊಂದು ಪದರ ಹಾಕೇ" ಎಂದು ಕೂಗುತ್ತಿದ್ದ. "ಕಾಣದೆ ಹೇಳ್ಬೇಡಿ" ಎನ್ನುತ್ತಿದ್ದಳು. ಆಮೇಲೆ ಅವನು ಹೇಳಿದ್ದನ್ನೇ ಮಾಡುತ್ತಿದ್ದಳು. ಭರತ ಏರಿತು, ನಿಂತಿತು, ಇಳಿಯತೊಡಗಿತು. ಉಳಿದ ಬೋಟುಗಳು ಒಂದೊಂದಾಗಿ ಹೊರಟವು. ದಕ್ಕೆಯ ಮೇಲೆ ಹನುಮಕ್ಕ ಹರಿವಾಣ ತೊಡೆಯ ಮೇಲಿಟ್ಟು ಕೂತಿದ್ದಳು. ತ್ರ್ಯಂಬಕ ಎರಡು ಸಲ ಬಾಯಿ ತೆರೆದ. ತಾಯಿ ಎರಡು ಸಲವೂ ಅವನ ಕಡೆ ನೋಡಿದಳು. ಆ ಭರತ ಹೋಯಿತು.

ಸಂಜೆಯ ಬೆಳಕಿನಲ್ಲಿ ಮಾಸ್ತಮ್ಮ ಮೇಲಕ್ಕೆ ಕೈ ಚಾಚಿದಳು. ಹನುಮಕ್ಕ ದಕ್ಕೆಯಿಂದ ಬೋಟಿಗೆ ಬಂದು ಬೋಲ್ಟುಗಳನ್ನು ಒಂದೊಂದಾಗಿ ಕೊಟ್ಟಳು. ಅವು ಹೊಡೆತ ಕೇಳಲಿಲ್ಲ. ಅಂಗೈಯ ಒತ್ತಿಗೆ ಒಳಗೆ ಹೋದವು. ಎಂಜಿನ್ ಶುರುಮಾಡಿ ಗೇರು ಹಾಕಿದಾಗ ಮೋಹನ ಗೇರ್‌ಬಾಕ್ಸಿನ ಮೇಲೆ ಚಹಾದ ಲೋಟ ಇ‌ಟ್ಟ. ಚಹಾ ತುಳುಕಲಿಲ್ಲ, ಲೋಟ ಸರಿಯಲಿಲ್ಲ. ಅವನು ಅದನ್ನು ಕುಡಿದು, "ಸಕ್ರೆ ಕಮ್ಮಿ" ಎಂದ.

ಜಟಗೇಶ್ವರ ಅಳಿವೆ ದಾಟಿದ್ದು ಮರುದಿನ ಬೆಳಿಗ್ಗೆ. ಅಳಿವೆ ಕಾಣುವ ಕಟ್ಟೆಯ ಮೇಲೆ ತುಂಬ ಜನ ಸೇರಿದ್ದರು, ಮಾಸ್ತಮ್ಮ ಹೋಗಲಿಲ್ಲ. ಶೆಡ್ಡಿನಲ್ಲಿ ಒಂದು ಪಂಪಿನ ಬುಶ್, ಪಂಪಿನೊಳಗೆ ಕೂರುವ ಲೋಹದ ಬಳೆ, ತಿರುವುತ್ತಿದ್ದಳು. ಕಮಲಿ ಓಡಿಬಂದು ಬಾಗಿಲು ಹಿಡಿದು ಏದುಸಿರು ಬಿಟ್ಟಳು.

"ದಾಟ್ತು ಕಾಣೇ. ತೆರೆ ಮೇಲೆ ಹತ್ತಿ, ಹಿಂಗೆ ಇಳ್ದು, ಸೀದಾ ಹೋತು. ನಿನ್ ತಮ್ಮ ಕೈ ಬೀಸ್ದ."

"ದಾಟದೆ ಎಂತ ಮಾಡ್ತದೆ" ಎಂದಳು ಮಾಸ್ತಮ್ಮ, ತಲೆಯೆತ್ತದೆ.

ಮಿಷಿನ್ನು ನಿಲ್ಲಿಸಿದಾಗ ಪಾಂಡು ಬುಶ್ ಎತ್ತಿ ನೋಡಿದ. ಅದು ಯಾವ ಪಂಪಿಗೂ ಆಗದಷ್ಟು ತೆಳುವಾಗಿ ಸವೆದಿತ್ತು. ಅವಳು ಉಳಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೇ ಮರೆತು ತಿರುವುತ್ತಲೇ ಹೋಗಿದ್ದಳು. ಬೇರೆ ದಿನವಾಗಿದ್ದರೆ ಅರ್ಧ ದಿನ ಬೈಯುವಷ್ಟು ತಪ್ಪು. ಪಾಂಡು ಅದನ್ನು ಗುಜರಿಯ ಡಬ್ಬಕ್ಕೆ ಎಸೆದು, ಹೊಸ ತುಂಡು ತೆಗೆದು ಅವಳ ಮುಂದಿಟ್ಟ.

ಆ ವರ್ಷ ಆ ಬೋಲ್ಟು ಕಡಿಯಲಿಲ್ಲ, ಮುಂದಿನ ವರ್ಷವೂ ಕಡಿಯಲಿಲ್ಲ. ದಕ್ಕೆಯ ಉಳಿದವರು ಮೊದಲು ನಕ್ಕರು, ಆಮೇಲೆ ಮೋಹನನ ಹತ್ತಿರ ಗುಟ್ಟಾಗಿ ಕೇಳಿದರು, ಕೊನೆಗೆ ಗುಟ್ಟಿಲ್ಲದೆ ಶೆಡ್ಡಿನ ಬಾಗಿಲಿಗೆ ಬಂದರು. ಅಳಿವೆಯೇನೂ ಸಾಧುವಾಗಲಿಲ್ಲ. ಹೂಳು ತೆಗೆಯಬೇಕಾದವರು ತೆಗೆಯದಿದ್ದರೆ ಎಂಥ ಕಪ್ಲಿಂಗೂ ಮರಳನ್ನು ಸರಿಸುವುದಿಲ್ಲ; ಅದಕ್ಕೆ ಬೇರೆಯೇ ಬಡಿದಾಟ ಬೇಕು, ಅದು ಇನ್ನೂ ಮುಗಿದಿಲ್ಲ. ಆದರೆ ಎಂಜಿನ್ ಓಡುತ್ತ ಪಂಕ ನಿಂತು ಸಾಯುವುದು ಆ ದಕ್ಕೆಯಲ್ಲಿ ನಿಂತಿತು. ಇದನ್ನು ಮಾಡಿದ್ದು ಒಂದು ಬ್ಲೇಡು, ಒಂದಿಷ್ಟು ತಗಡಿನ ಚೂರು ಮತ್ತು ಒಬ್ಬಳ ಮೊಂಡುತನ. ಈ ಕರಾವಳಿಯಲ್ಲಿ ಇದಕ್ಕಿಂತ ಕಡಿಮೆ ಕೆಲಸಕ್ಕೆ ಶಾಲು ಹೊದಿಸಿದ್ದಾರೆ.

ಹನುಮಕ್ಕ ತೀರಿಕೊಂಡ ಮೇಲೂ ಪೂಜೆಯ ದಿನ ಹರಿವಾಣದಲ್ಲಿ ಬೋಲ್ಟು ಇಡುವುದು ನಿಲ್ಲಲಿಲ್ಲ. ಎರಡು ಸಾವಿರದ ಏಳೋ ಎಂಟೋ ಇರಬೇಕು, ಕಮಲಿ ಬುಟ್ಟಿ ಇಳಿಸಿ ನಗುತ್ತ ಕೂತಳು. ಚಹಾದಂಗಡಿಯಲ್ಲಿ ತ್ರ್ಯಂಬಕ ಯಾರೋ ಹೊರಗಿನವರಿಗೆ ದಕ್ಕೆಯ ಪದ್ಧತಿಗಳನ್ನು ವಿವರಿಸುತ್ತಿದ್ದನಂತೆ.

"ಹರಿವಾಣದಲ್ಲಿ ಬೋಲ್ಟ್ ಇಡೂದು ತನ್ ಅಪ್ಪನ ಕಾಲದ್ದಂತೆ. ನೀರಲ್ಲೇ ಹಾಕ್ಬೇಕು ಹೇಳಿ ಅವನ ಅಪ್ಪನೇ ಹೇಳಿದ್ದಂತೆ. ನೀ ಎಂತ ಹೇಳ್ತೆ ಇದ್ಕೆ?"

ಮಾಸ್ತಮ್ಮ ಹೊಸ ಬಿಲ್ಲೆಯೊಂದನ್ನು ಮಿಷಿನ್ನಿಗೆ ಕಚ್ಚಿಸುತ್ತಿದ್ದಳು.

"ಅಪ್ಪನ ಕಾಲದ್ದೇ ಇರ್ಲಿ" ಎಂದಳು. "ಆ ಮನುಷ್ಯ ಅವತ್ತು ಬಿಚ್ಚಿದ್ದಂತೂ ಹೌದಲ್ದಾ. ನೀ ಬಾಗ್ಲು ಬಿಟ್ಟು ಈಚೆ ಬಾ, ಬೆಳಕು ಬರೂದಿಲ್ಲ. ಮತ್ತೆ ಆ ಸೆರಗು ಸೊಂಟಕ್ಕೆ ಸಿಗ್ಸು."

ಕಮಲಿ ಸೆರಗು ಸಿಗಿಸಿದಳು. ಮಾಸ್ತಮ್ಮ ಲೇತು ಶುರುಮಾಡಿದಳು.